ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮಾರಿಯೊ ಕಾರ್ಟ್ ಎಂಬ ವಿಡಿಯೊ ಗೇಮಿನ ರೇಸಿನಲ್ಲಿ ರಸ್ತೆಗೆ ಅಡ್ಡಲಾಗಿ ಪೆಟ್ಟಿಗೆಗಳ ಸಾಲೊಂದು ತೇಲುತ್ತಿರುತ್ತದೆ. ಒಂದೊಂದರೊಳಗೂ ಒಂದು ಪ್ರಶ್ನಾರ್ಥಕ ಚಿಹ್ನೆ. ಗಾಡಿ ಅದಕ್ಕೆ ತಗುಲಿತೋ, ಪರದೆಯ ಮೂಲೆಯಲ್ಲಿ ಚಿತ್ರಗಳು ಗಿರಗಿರ ತಿರುಗಿ ಯಾವುದೋ ಒಂದರ ಮೇಲೆ ನಿಲ್ಲುತ್ತವೆ. ಬಾಳೆಹಣ್ಣಿನ ಸಿಪ್ಪೆ ಬರಬಹುದು, ಆಮೆಯ ಚಿಪ್ಪು ಬರಬಹುದು, ಗಾಡಿಯನ್ನು ಮುನ್ನುಗ್ಗಿಸುವ ಅಣಬೆ ಬರಬಹುದು. ಮೊದಲ ಸಲ ಆಡುವವರು ಇದನ್ನು ಬರೀ ಅದೃಷ್ಟ ಎಂದುಕೊಳ್ಳುತ್ತಾರೆ. ನಾಲ್ಕಾರು ರೇಸ್ ಕಳೆದ ಮೇಲೆ ಅನುಮಾನ ಶುರುವಾಗುತ್ತದೆ. ಮುಂದಿದ್ದಾಗಲೆಲ್ಲ ಸಿಪ್ಪೆ, ನಾಣ್ಯ. ಹಿಂದಿದ್ದವರಿಗೆ ಮಾತ್ರ ಒಳ್ಳೊಳ್ಳೆಯ ಅಸ್ತ್ರಗಳು!

ಅನುಮಾನ ನಿಜ. ಪೆಟ್ಟಿಗೆ ಒಡೆಯುವ ಕ್ಷಣದಲ್ಲಿ ಯಂತ್ರ ಮೊದಲು ನೋಡುವುದು ನೀವು ರೇಸಿನಲ್ಲಿ ಎಲ್ಲಿದ್ದೀರಿ ಎಂಬುದನ್ನು. ಮುಂದಿರುವವರಿಗೆ ಒಂದು ಪಟ್ಟಿ, ಮಧ್ಯದವರಿಗೆ ಇನ್ನೊಂದು, ತೀರಾ ಹಿಂದೆ ಬಿದ್ದವರಿಗೆ ಮತ್ತೊಂದು. ಯಾವ ವಸ್ತು ಬರುವ ಸಂಭವ ಎಷ್ಟು ಎಂಬುದು ಆ ಪಟ್ಟಿಗಳಲ್ಲಿ ಮೊದಲೇ ಬರೆದಿರುತ್ತದೆ. ಅದೃಷ್ಟ ಇರುವುದು ಆ ಪಟ್ಟಿಯ ಒಳಗೆ ಮಾತ್ರ. ಕೊನೆಯಲ್ಲಿ ತೆವಳುತ್ತಿರುವವರಿಗೆ ಗಾಡಿಯನ್ನೇ ಗುಂಡಾಗಿಸಿ ತಾನಾಗಿಯೇ ಓಡಿಸಿಕೊಂಡು ಹೋಗುವ ‘ಬುಲೆಟ್ ಬಿಲ್’ ಸಿಗಬಹುದು. ಉಳಿದವರೆಲ್ಲರ ಗಾಡಿಯನ್ನು ಕುಗ್ಗಿಸಿ ನಿಧಾನ ಮಾಡುವ ಮಿಂಚು ಸಿಗಬಹುದು. 1996ರ ‘ಮಾರಿಯೊ ಕಾರ್ಟ್ 64’ರಲ್ಲಿ ಮುಳ್ಳಿನ ನೀಲಿ ಚಿಪ್ಪು ಬಂತು. ಅದನ್ನು ಎಸೆದವರು ಗುರಿ ಇಡಬೇಕಾಗಿಲ್ಲ. ಮೊದಲ ಸ್ಥಾನದಲ್ಲಿ ಯಾರಿದ್ದಾರೋ ಅವರನ್ನೇ ಹುಡುಕಿಕೊಂಡು ಹೋಗಿ ಬಡಿಯುತ್ತದೆ.

ಚೆನ್ನಾಗಿ ಆಡಿದವರಿಗೆ ಪೆಟ್ಟು, ಆಡಲು ಬಾರದವರಿಗೆ ಬಹುಮಾನ. ಇದು ಯಾವ ನ್ಯಾಯ ಎಂದು ಪ್ರತಿ ಮನೆಯಲ್ಲೂ ದೊಡ್ಡ ಮಕ್ಕಳು ತಕರಾರು ತೆಗೆಯುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಮನೆಮಂದಿಯೆಲ್ಲ ಸೇರಿ ಆಡುವ ವಿಡಿಯೊ ಗೇಮುಗಳಲ್ಲಿ ಅತಿ ಹೆಚ್ಚು ಬುದ್ಧಿ ಖರ್ಚಾಗಿರುವುದು ಈ ‘ಅನ್ಯಾಯ’ದ ಲೆಕ್ಕಾಚಾರದಲ್ಲೇ ಎಂದು ನಾನು ನಂಬಿದ್ದೇನೆ. ಬಣ್ಣ, ಸಂಗೀತ, ಗೊಂಬೆಗಳೆಲ್ಲ ಅದರ ನಂತರದ್ದು.

ಚೆಸ್ ಟೂರ್ನಿಗಳಿಗೆ ಈ ತೊಂದರೆ ಇಲ್ಲ. ಅಲ್ಲಿ ಆಟಗಾರರಿಗೆ ಎಲೊ ಎಂಬ ಅಂಕವಿದೆ. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಬಲಶಾಲಿಗೆ ನೂರರಲ್ಲಿ ಸುಮಾರು 76 ಪಾಲು ಫಲ, 400 ಇದ್ದರೆ 91 ಪಾಲು. ಅಂಕ ನೋಡಿ ಸಮಬಲರನ್ನು ಜೋಡಿ ಮಾಡಿದರಾಯಿತು. ಅಂತರ್ಜಾಲದಲ್ಲಿ ಆಡುವ ಗೇಮುಗಳೂ ಹೀಗೆಯೇ ಲಕ್ಷಾಂತರ ಜನರ ನಡುವಿನಿಂದ ನಿಮ್ಮ ಮಟ್ಟದ ಎದುರಾಳಿಯನ್ನು ಹೆಕ್ಕಿ ಕೊಡುತ್ತವೆ. ಮನೆಯ ಸೋಫಾದ ಮೇಲೆ ಆ ಆಯ್ಕೆ ಎಲ್ಲಿದೆ? ಅಲ್ಲಿ ಕೂತಿರುವವರು ಹದಿನಾಲ್ಕರ ಅಣ್ಣ, ಏಳರ ತಂಗಿ, ಆಫೀಸಿನಿಂದ ಈಗಷ್ಟೇ ಬಂದ ಅಪ್ಪ, ಕನ್ನಡಕ ಹುಡುಕುತ್ತಿರುವ ಅಜ್ಜಿ. ಆಡಬೇಕಿರುವುದು ಇವರೊಂದಿಗೇ. ಅಣ್ಣನಿಗೂ ಅಜ್ಜಿಗೂ ಇರುವ ಅಂತರ 400 ಎಲೊಗಿಂತ ಎಷ್ಟೋ ದೊಡ್ಡದು.

ನಮ್ಮ ಬೀದಿಯ ಮಕ್ಕಳು ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದರು. ಲಗೋರಿಗೋ ಕಣ್ಣಾಮುಚ್ಚಾಲೆಗೋ ಪುಟ್ಟ ತಮ್ಮ ಅಳುತ್ತಾ ಬಂದರೆ ಅವನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದರು. ಓಡಬಹುದು, ಕೂಗಬಹುದು, ಔಟಾಗುವುದಿಲ್ಲ, ಗೆಲ್ಲುವುದೂ ಇಲ್ಲ. ಮೂರು ವರ್ಷದ ಮಗುವಿಗೆ ಅಷ್ಟು ಸಾಕು. ಆರೇಳು ವರ್ಷವಾಗುತ್ತಲೇ ಆ ಮಗುವಿಗೆ ತನ್ನನ್ನು ಯಾರೂ ಎಣಿಸುತ್ತಿಲ್ಲವೆಂಬುದು ತಿಳಿದುಬಿಡುತ್ತದೆ, ಮತ್ತೆ ಅಳು. ಅಂಥ ಮಕ್ಕಳನ್ನು ಲೆಕ್ಕಕ್ಕೂ ತೆಗೆದುಕೊಳ್ಳುವುದು ಹೇಗೆ ಎನ್ನುವುದು ಕಷ್ಟದ ಪ್ರಶ್ನೆ.

ಈ ಪ್ರಶ್ನೆ ಮನುಷ್ಯರಿಗಿಂತ ಹಳೆಯದು. ಎಸ್ಟೋನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬದುಕಿದ ನರವಿಜ್ಞಾನಿ ಯಾಕ್ ಪಂಕ್ಸೆಪ್ ಮರಿ ಇಲಿಗಳ ಕುಸ್ತಿಯನ್ನು ವರ್ಷಗಟ್ಟಲೆ ನೋಡಿದವರು. ಇಲಿಗಳಿಗೆ ಕಚಗುಳಿ ಇಟ್ಟರೆ ಅವು ನಮ್ಮ ಕಿವಿಗೆ ಕೇಳಿಸದ 50 ಕಿಲೊಹರ್ಟ್ಸ್ ಆಸುಪಾಸಿನ ದನಿ ಹೊರಡಿಸುತ್ತವೆಂದೂ, ಆಟವಾಡುವಾಗಲೂ ಅದೇ ದನಿ ಬರುತ್ತದೆಂದೂ 1990ರ ದಶಕದ ಕೊನೆಯಲ್ಲಿ ತೋರಿಸಿದ್ದು ಅವರ ತಂಡವೇ. ಎರಡು ಮರಿಗಳನ್ನು ಒಟ್ಟಿಗೆ ಬಿಟ್ಟರೆ ಸ್ವಲ್ಪ ದಪ್ಪಗಿರುವುದು ಇನ್ನೊಂದನ್ನು ಕೆಡವಿ ಮೇಲೆ ಕೂರುತ್ತದೆ. ಮರುದಿನವೂ ಅದೇ ಗೆಲ್ಲುತ್ತದೆ. ಆದರೂ ಸೋತ ಮರಿ ಮತ್ತೆ ಮತ್ತೆ ಹೋಗಿ ‘ಬಾ ಆಡೋಣ’ ಎಂದು ಕೆಣಕುತ್ತದೆ, ದೊಡ್ಡದು ಆಗೊಮ್ಮೆ ಈಗೊಮ್ಮೆ ತಾನೂ ಕೆಳಗೆ ಬೀಳುತ್ತಿರುವವರೆಗೆ. ಸುಮಾರು ನೂರಕ್ಕೆ 30ರಷ್ಟಾದರೂ ಚಿಕ್ಕದಕ್ಕೆ ಮೇಲುಗೈ ಸಿಗದೇ ಹೋದರೆ ಅದು ಕರೆಯುವುದನ್ನೇ ಬಿಟ್ಟುಬಿಡುತ್ತದೆ ಎಂದು ಪಂಕ್ಸೆಪ್ ಬರೆದರು. ಆ 30ನ್ನು ಶಾಸನದಂತೆ ಹಿಡಿಯಬೇಕಿಲ್ಲ. ಗಮನಿಸಬೇಕಾದದ್ದು ಬೇರೆ. ಆಟ ನಿಲ್ಲಿಸುವ ಅಧಿಕಾರ ಸೋಲುವವನ ಕೈಯಲ್ಲಿದೆ.

ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಸರ್ಜಿಯೊ ಪೆಲಿಸ್ ಮತ್ತು ಸಂಗಡಿಗರು ಇಂಥ ಕುಸ್ತಿಯ ಚಿತ್ರೀಕರಣವನ್ನು ಒಂದೊಂದೇ ಚೌಕಟ್ಟಾಗಿ ನಿಧಾನಿಸಿ ನೋಡಿದರು. ಮೇಲೆ ನಿಂತ ಇಲಿ ಕೆಲವೊಮ್ಮೆ ಹಿಂಗಾಲುಗಳನ್ನು ನೆಲದಿಂದ ಎತ್ತಿ, ನಾಲ್ಕೂ ಕಾಲುಗಳನ್ನು ಕೆಳಗಿರುವ ಇಲಿಯ ಮೈಮೇಲೆಯೇ ಊರುತ್ತದೆ. ನಿಜವಾದ ಜಗಳದಲ್ಲಿ ಇದು ಮೂರ್ಖತನ. ಕೆಳಗಿನದು ಹೊರಳಿದರೆ ಸಾಕು, ಮೇಲಿನದು ಆಯ ತಪ್ಪಿ ಬೀಳುತ್ತದೆ. ಆಟದಲ್ಲಿ ಅದೇ ಬೇಕು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಬಾರ್ಬರಾ ಸ್ಮಟ್ಸ್ ಅವರ ತಂಡ 2008ರಲ್ಲಿ ನಾಯಿಮರಿಗಳಲ್ಲೂ ಇಂಥದ್ದನ್ನು ಕಂಡಿತು. ಗಂಡು ಮರಿಗಳು ತಮ್ಮ ಒಡಹುಟ್ಟಿದ ಹೆಣ್ಣು ಮರಿಗಳೊಂದಿಗೆ ಆಡುವಾಗ ತಾವಾಗಿಯೇ ಸೋಲುವ ಭಂಗಿಗೆ ಹೆಚ್ಚು ಸಲ ಬರುತ್ತಿದ್ದವು.

ಮನುಷ್ಯರಲ್ಲಿ ಈ ಕೆಲಸವನ್ನು ಅಪ್ಪ ಅಮ್ಮ ಮಾಡುತ್ತಾರೆ, ಬೇಕೆಂದೇ ಸೋಲುತ್ತಾರೆ. ಆದರೆ ಮಕ್ಕಳು ಅದನ್ನು ಬಹಳ ಬೇಗ ಪತ್ತೆ ಮಾಡುತ್ತಾರೆ, ಪತ್ತೆಯಾದ ಮೇಲೆ ಆ ಗೆಲುವಿಗೆ ರುಚಿ ಇರುವುದಿಲ್ಲ. ಮಾರಿಯೊ ಕಾರ್ಟ್ ಮಾಡಿದ ಜಾಣತನ ಇಲ್ಲಿದೆ. ಸಡಿಲ ಬಿಡುವ ಕೆಲಸವನ್ನು ಅದು ಅಪ್ಪನಿಂದ ತೆಗೆದು ಪೆಟ್ಟಿಗೆಯೊಳಗೆ ಇಟ್ಟಿತು. ಈಗ ಅಪ್ಪ ಜೀವ ಬಿಟ್ಟು ಆಡಬಹುದು. ಮಗಳು ನೀಲಿ ಚಿಪ್ಪು ಎಸೆದು ಮುಂದೆ ಹೋದರೆ ಅದು ಅವಳೇ ಎಸೆದ ಚಿಪ್ಪು, ಅವಳದೇ ಗೆಲುವು.

ಎಷ್ಟು ಸಡಿಲ ಬಿಡಬೇಕು? ಒಂದು ಸಣ್ಣ ಲೆಕ್ಕ ಹಾಕೋಣ. ಅಣ್ಣ ತಂಗಿ ಇಬ್ಬರೇ ಆಡುತ್ತಿದ್ದಾರೆ, ಪ್ರತಿ ರೇಸಿನಲ್ಲೂ ಅಣ್ಣ ಗೆಲ್ಲುವ ಸಂಭವ 0.9 ಎಂದಿಟ್ಟುಕೊಳ್ಳಿ. ಒಂದು ಸಂಜೆಗೆ ಹತ್ತು ರೇಸ್. ತಂಗಿ ಒಂದನ್ನೂ ಗೆಲ್ಲದಿರುವ ಸಂಭವ 0.9ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.35. ಮೂರು ಸಂಜೆಗಳಲ್ಲಿ ಒಂದು ಸಂಜೆ ಅವಳು ಬರಿಗೈಲಿ ಏಳುತ್ತಾಳೆ. ಈಗ ಅಣ್ಣನ ಸಂಭವವನ್ನು 0.7ಕ್ಕೆ ಇಳಿಸಿ. 0.7ನ್ನು ಹತ್ತು ಸಲ ಗುಣಿಸಿದರೆ 0.028. ಅಂಥ ಸಂಜೆ ಮೂವತ್ತೈದರಲ್ಲಿ ಒಂದು ಬಂದೀತು. ಅಣ್ಣನೇ ಹೆಚ್ಚು ಗೆಲ್ಲುತ್ತಿರುತ್ತಾನೆ, ಅವನ ಅಭ್ಯಾಸಕ್ಕೆ ಬೆಲೆ ಇದ್ದೇ ಇದೆ. ಅವಳು ಅಳುತ್ತಾ ಏಳುವ ಸಂಜೆಗಳು ಮಾತ್ರ ಹೆಚ್ಚುಕಡಿಮೆ ಇಲ್ಲವಾದವು.

ಎಂಜಿನಿಯರುಗಳು ಇದನ್ನು ಋಣ ಹಿಮ್ಮಾಹಿತಿ ಎನ್ನುತ್ತಾರೆ. ಗೀಸರಿನೊಳಗಿನ ಥರ್ಮೋಸ್ಟಾಟ್ ನೀರು ಕಾದಾಗ ಕರೆಂಟ್ ಕಡಿದು, ಆರಿದಾಗ ಮತ್ತೆ ಕೊಡುವ ಹಾಗೆ, ಅಂತರ ಹೆಚ್ಚಿದಷ್ಟೂ ಅದನ್ನು ಕುಗ್ಗಿಸುವ ಬಲವೂ ಹೆಚ್ಚುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಮೊನೊಪಲಿ, ನಮ್ಮಲ್ಲಿ ಬೇಸಿಗೆ ರಜೆಯಲ್ಲಿ ‘ಬಿಸಿನೆಸ್’ ಎಂದು ಆಡುವ ಆಟ. ಅಲ್ಲಿ ಜಾಗ ಕೊಂಡವನಿಗೆ ಬಾಡಿಗೆ, ಬಾಡಿಗೆಯಿಂದ ಮನೆ, ಮನೆಯಿಂದ ಇನ್ನೂ ಹೆಚ್ಚು ಬಾಡಿಗೆ. ಅದರ ಮೂಲ ಆಟಕ್ಕೆ 1904ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಎಲಿಜಬೆತ್ ಮೇಗಿ ಅವರ ಉದ್ದೇಶವೇ ಭೂಮಿ ಕೆಲವರ ಕೈಸೇರಿದರೆ ಉಳಿದವರ ಗತಿ ಏನಾಗುತ್ತದೆಂದು ತೋರಿಸುವುದಾಗಿತ್ತು. ಪಾಠವಾಗಿ ಅದು ಅದ್ಭುತ. ಆದರೆ ಮೊದಲರ್ಧ ಗಂಟೆಯಲ್ಲೇ ದಿವಾಳಿಯಾದವರು ಉಳಿದ ಹೊತ್ತು ಗೋಡೆ ನೋಡುತ್ತಾ ಕೂರಬೇಕು.

ಚೌಕಾಬಾರ ಇದಕ್ಕಿಂತ ಎಷ್ಟೋ ಕರುಣೆಯ ಆಟ. ನಾಲ್ಕು ಕವಡೆ ಎಸೆದರೆ, ಪ್ರತಿ ಕವಡೆಯೂ ಮಗುಚುವ ಸಂಭವ ಅರ್ಧರ್ಧವೆಂದು ಹಿಡಿದರೆ, ಒಟ್ಟು 16 ಬಗೆಗಳು. ಅದರಲ್ಲಿ ಚೌಕಕ್ಕೆ ಒಂದು, ಬಾರಕ್ಕೆ ಒಂದು. ಎಂಟು ಎಸೆತಕ್ಕೊಮ್ಮೆ ಸರಾಸರಿ ಇನ್ನೊಂದು ಆಟ ಸಿಗುತ್ತದೆ, ಎಸೆಯುವ ಕೈ ಅಜ್ಜಿಯದಾದರೂ ಮೊಮ್ಮಗನದಾದರೂ ಅಷ್ಟೇ. ಜತೆಗೆ ಕಾಯಿ ಹೊಡೆಯುವುದಿದೆ. ಹಣ್ಣಾಗಲು ಇನ್ನೇನು ನಾಲ್ಕು ಮನೆ ಉಳಿದಿದೆ ಎನ್ನುವವನ ಕಾಯಿ ಹೊಡೆತ ತಿಂದರೆ ಅವನು ಕಳೆದುಕೊಳ್ಳುವುದು ಬಹಳ. ಈಗಷ್ಟೇ ಹೊರಟವನು ಕಳೆದುಕೊಳ್ಳುವುದು ಏನೂ ಇಲ್ಲ. ಮುಂದಿರುವವನನ್ನೇ ಹುಡುಕಿ ಹೊಡೆಯುವ ಚಿಪ್ಪು ಇಲ್ಲದಿದ್ದರೂ ಪೆಟ್ಟಿನ ಭಾರ ಮುಂದಿರುವವನ ಮೇಲೇ ಬೀಳುತ್ತದೆ. ಅಳಗುಳಿ ಮಣೆಯಲ್ಲಿ ಹೀಗಿಲ್ಲ. ಅಲ್ಲಿ ದಾಳವೂ ಇಲ್ಲ, ಕವಡೆಯೂ ಇಲ್ಲ, ಎಣಿಸಬಲ್ಲವರದೇ ಗೆಲುವು.

ಸಡಿಲ ಹೆಚ್ಚಾದರೂ ಆಟ ಕೆಡುತ್ತದೆ. 1998ರಲ್ಲಿ ಶುರುವಾದ ‘ಮಾರಿಯೊ ಪಾರ್ಟಿ’ಯಲ್ಲಿ ಎಲ್ಲ ಸುತ್ತು ಮುಗಿದ ಮೇಲೆ ಬೋನಸ್ ನಕ್ಷತ್ರಗಳನ್ನು ಹಂಚುತ್ತಾರೆ. ಯಾವುದೋ ಒಂದು ಬಗೆಯ ಮನೆಯ ಮೇಲೆ ಹೆಚ್ಚು ಸಲ ನಿಂತಿದ್ದಕ್ಕೂ ಒಂದು ನಕ್ಷತ್ರ. ಒಂದು ಗಂಟೆ ಬೆವರು ಸುರಿಸಿ ಮುಂದಿದ್ದವರು ಆ ಒಂದು ನಕ್ಷತ್ರದಿಂದ ಎರಡನೆಯವರಾಗುತ್ತಾರೆ, ಅದಕ್ಕೆ ಉತ್ತರ ಕೊಡಲು ಇನ್ನೊಂದು ಸುತ್ತೂ ಉಳಿದಿರುವುದಿಲ್ಲ. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ನೀಲಿ ಚಿಪ್ಪಿಗೆ ಹೋಲಿಸಿ ನೋಡಿ. ಚಿಪ್ಪು ಬರುತ್ತಿರುವ ಸದ್ದು ಕೇಳಿಸುತ್ತದೆ, ಪೆಟ್ಟು ತಿಂದ ಮೇಲೂ ರಸ್ತೆ ಉಳಿದಿರುತ್ತದೆ. 2014ರ ‘ಮಾರಿಯೊ ಕಾರ್ಟ್ 8’ರಿಂದ ಈಚೆಗೆ ಅದನ್ನು ಒಡೆದು ಹಾಕುವ ‘ಸೂಪರ್ ಹಾರ್ನ್’ ಕೂಡ ಇದೆ. ಆಟದ ನಡುವೆ ಕೊಟ್ಟ ಸಹಾಯಕ್ಕೂ ಫಲಿತಾಂಶದ ಮೇಲೆ ಹೇರಿದ ಸಹಾಯಕ್ಕೂ ಬಹಳ ವ್ಯತ್ಯಾಸವಿದೆ.

ಇಷ್ಟೆಲ್ಲ ನಡೆಯುವುದು ಆಟದೊಳಗೆ ಕಾಲಿಟ್ಟ ಮೇಲೆ. ಎಷ್ಟೋ ಹಿರಿಯರು ಬಾಗಿಲಲ್ಲೇ ನಿಂತುಬಿಡುತ್ತಾರೆ, ಏಕೆಂದರೆ ಕೈಗೆ ಕೊಟ್ಟ ಕಂಟ್ರೋಲರ್‌ನಲ್ಲಿ ಎರಡು ಕಡ್ಡಿಗಳು, ಹತ್ತಕ್ಕೂ ಹೆಚ್ಚು ಗುಂಡಿಗಳು. ಮಕ್ಕಳ ಬೆರಳಿಗೆ ಅವು ನೋಡದೆಯೇ ಸಿಗುತ್ತವೆ. ಅಜ್ಜಿ ಪ್ರತಿ ಗುಂಡಿಗೂ ಕಣ್ಣು ಕೆಳಗಿಳಿಸಬೇಕು, ಅಷ್ಟರಲ್ಲಿ ಗಾಡಿ ಹಳ್ಳಕ್ಕೆ. 2006ರ ನವೆಂಬರಿನಲ್ಲಿ ಮಾರಿಯೊ ಆಟಗಳ ಕಂಪನಿ ನಿಂಟೆಂಡೊ ಹೊರತಂದ ‘ವೀ’ ಎಂಬ ಗೇಮ್ ಯಂತ್ರ ಈ ಬಾಗಿಲನ್ನೇ ಅಗಲ ಮಾಡಿತು. ಅದರ ಕಂಟ್ರೋಲರ್ ನೋಡಲು ಟಿವಿ ರಿಮೋಟ್. ಟೆನಿಸ್ ಆಡಬೇಕೆ, ಬ್ಯಾಟ್ ಬೀಸುವ ಹಾಗೆ ಕೈ ಬೀಸಿ.

ಆ ರಿಮೋಟಿನೊಳಗೆ ಉಗುರಿಗಿಂತ ಚಿಕ್ಕದಾದ ಒಂದು ಚಿಪ್ ಇತ್ತು, ಹೆಸರು ಎಡಿಎಕ್ಸ್‌ಎಲ್ 330. ಅದರಲ್ಲಿ ಸಿಲಿಕಾನಿನಲ್ಲೇ ಕೊರೆದ ಸೂಕ್ಷ್ಮ ಸ್ಪ್ರಿಂಗುಗಳ ಮೇಲೆ ಒಂದು ಪುಟ್ಟ ತೂಕ ತೂಗುತ್ತಿರುತ್ತದೆ. ಕೈ ಬೀಸಿದಾಗ ತೂಕ ಜಡತ್ವದಿಂದ ಹಿಂದೆ ಉಳಿಯುತ್ತದೆ, ಅಕ್ಕಪಕ್ಕದ ತಗಡುಗಳಿಂದ ಅದರ ಅಂತರ ಬದಲಾಗುತ್ತದೆ, ಆ ಬದಲಾವಣೆಯನ್ನು ವಿದ್ಯುತ್ತಿನ ಮೂಲಕ ಅಳೆದು ವೇಗೋತ್ಕರ್ಷ ಎಷ್ಟೆಂದು ಚಿಪ್ ಹೇಳುತ್ತದೆ. ಭೂಮಿಯ ಗುರುತ್ವದ ಮೂರು ಪಟ್ಟಿನವರೆಗೆ ಅದರ ಅಳತೆ. ಟಿವಿಯ ಮೇಲಿಡುವ ‘ಸೆನ್ಸರ್ ಬಾರ್’ ಹೆಸರಿಗೆ ಸೆನ್ಸರ್, ಅದು ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಯಲ್ಲಿ ಅವಗೆಂಪು ದೀಪಗಳನ್ನು ಉರಿಸುತ್ತಿರುತ್ತದೆ, ಅಷ್ಟೇ. ನೋಡುವ ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ಬಾರ್ ಹಾಳಾದಾಗ ಎರಡು ಮೇಣದಬತ್ತಿ ಹಚ್ಚಿಟ್ಟು ಕೆಲಸ ಸಾಗಿಸಿದವರಿದ್ದಾರೆ.

ಈ ಚಿಪ್‌ಗೆ ಕೈ ಎಲ್ಲಿದೆ ಎಂಬುದು ಗೊತ್ತಾಗುತ್ತಿರಲಿಲ್ಲ, ಎಷ್ಟು ಜೋರಾಗಿ ಅಲುಗಿತು ಎಂಬುದಷ್ಟೇ ಗೊತ್ತಾಗುತ್ತಿತ್ತು. ತಿರುಗುವಿಕೆಯನ್ನು ಅಳೆಯುವ ಗೈರೊಸ್ಕೋಪನ್ನು ಪ್ರತ್ಯೇಕ ಜೋಡಣೆಯಾಗಿ ಕೊಟ್ಟದ್ದು 2009ರಲ್ಲಿ. ಹಾಗಾಗಿ ಎದ್ದು ನಿಂತು ತೋಳು ಬೀಸುವವರಿಗೂ ಸೋಫಾದಲ್ಲಿ ಕೂತು ಮಣಿಕಟ್ಟು ಕೊಡವುವವರಿಗೂ ಪರದೆಯ ಮೇಲೆ ಸಿಗುತ್ತಿದ್ದುದು ಹೆಚ್ಚುಕಡಿಮೆ ಒಂದೇ ಹೊಡೆತ. ‘ವೀ ಸ್ಪೋರ್ಟ್ಸ್’ನ ಟೆನಿಸ್ಸಿನಲ್ಲಂತೂ ಚೆಂಡಿನತ್ತ ಓಡುವ ಕೆಲಸವನ್ನು ಯಂತ್ರವೇ ಮಾಡುತ್ತದೆ, ನಿಮಗೆ ಉಳಿಯುವುದು ಯಾವಾಗ ಬೀಸಬೇಕೆಂಬ ಸಮಯಪ್ರಜ್ಞೆ. ಅದು ಅಜ್ಜಿಗೂ ಇದೆ, ಮೊಮ್ಮಗಳಿಗೂ ಇದೆ. ಮಂಡಿನೋವಿನವರು ಕುರ್ಚಿಯಲ್ಲಿ ಕೂತೇ ಬೌಲಿಂಗ್ ಆಡಬಹುದು. ಅಮೆರಿಕದ ವೃದ್ಧಾಶ್ರಮಗಳಲ್ಲಿ ವೀ ಬೌಲಿಂಗ್ ಪಂದ್ಯಗಳೇ ನಡೆದವು. ಒಟ್ಟು 10 ಕೋಟಿಗೂ ಹೆಚ್ಚು ವೀ ಯಂತ್ರಗಳು ಮಾರಾಟವಾದವು. ‘ಮಾರಿಯೊ ಕಾರ್ಟ್ 8 ಡಿಲಕ್ಸ್’ನಲ್ಲಿ ಈಗ ಇದೇ ಕೆಲಸಕ್ಕೆ ‘ಸ್ಮಾರ್ಟ್ ಸ್ಟಿಯರಿಂಗ್’ ಇದೆ. ಗಾಡಿ ರಸ್ತೆಯಂಚು ದಾಟಲು ಹೋದರೆ ಯಂತ್ರ ಮೆಲ್ಲಗೆ ಒಳಗೆ ತಿರುಗಿಸುತ್ತದೆ. ಪ್ರತಿ ಆಟಗಾರರಿಗೂ ಅದನ್ನು ಬೇರೆ ಬೇರೆಯಾಗಿ ಹಾಕಬಹುದು, ತೆಗೆಯಬಹುದು. ಆಟ ಶುರು ಮಾಡುವ ಮೊದಲು ಅಜ್ಜಿಗೂ ಪುಟ್ಟಿಗೂ ಇದನ್ನು ಹಾಕಿಕೊಡಿ.

ನಾಲ್ವರು ಒಂದೇ ಟಿವಿಯ ಮುಂದೆ ಕೂತಾಗ ಯಂತ್ರದ ಮೇಲೆ ಬೀಳುವ ಹೊರೆಯೂ ಕಡಿಮೆಯದಲ್ಲ. ಪರದೆ ನಾಲ್ಕು ಭಾಗವಾಗುತ್ತದೆ, ಒಂದೇ ಲೋಕವನ್ನು ನಾಲ್ಕು ಕಡೆಯಿಂದ ನಾಲ್ಕು ಸಲ ಬಿಡಿಸಬೇಕು. ಒಬ್ಬರೋ ಇಬ್ಬರೋ ಆಡುವಾಗ ಸೆಕೆಂಡಿಗೆ 60 ಚಿತ್ರ ಬಿಡಿಸುವ ‘ಮಾರಿಯೊ ಕಾರ್ಟ್ 8’ ಮೂವರು ನಾಲ್ವರಾದಾಗ 30ಕ್ಕೆ ಇಳಿಯುತ್ತದೆ. ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್ ಇದ್ದ ಜಾಗದಲ್ಲಿ 33.3 ಸಿಗುತ್ತದೆ. ಈ ಸರಣಿಗೆ ಹಂಚಿದ ಪರದೆ ಹೊಸದಲ್ಲ. 1992ರ ಮೊದಲ ‘ಸೂಪರ್ ಮಾರಿಯೊ ಕಾರ್ಟ್’ ಹುಟ್ಟಿದ್ದೇ ಇಬ್ಬರು ಒಟ್ಟಿಗೆ ಆಡುವ ರೇಸ್ ಬೇಕೆಂಬ ಆಸೆಯಿಂದ. ಅದರಲ್ಲಿ ಒಬ್ಬರೇ ಆಡಿದರೂ ಪರದೆ ಎರಡಾಗಿಯೇ ಇರುತ್ತಿತ್ತು.

ಒಂದೇ ಕೋಣೆಯಲ್ಲಿ ಇರುವುದರಿಂದ ಮೈಗೆ ಏನಾಗುತ್ತದೆ ಎಂಬುದನ್ನು ಅಳೆದವರಿದ್ದಾರೆ. ಫಿನ್ಲೆಂಡಿನ ನಿಕ್ಲಾಸ್ ರವಾಯಾ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರು ಕಂಪ್ಯೂಟರ್ ಎದುರು, ಅಪರಿಚಿತರ ಎದುರು, ಗೆಳೆಯರ ಎದುರು ಒಂದೇ ಬಗೆಯ ಆಟ ಆಡಿದರು. ಮನುಷ್ಯರ ಎದುರು ಆಡಿದಾಗ ಉದ್ವೇಗವೂ ಸಂತೋಷವೂ ಹೆಚ್ಚು, ಅದರಲ್ಲೂ ಎದುರಿರುವುದು ಗೆಳೆಯರಾದರೆ ಇನ್ನೂ ಹೆಚ್ಚು. 2017ರಲ್ಲಿ ಅದೇ ದೇಶದ ಟುರ್ಕು ನಗರದ ಸಂಶೋಧಕರು ಪೆಟ್ ಸ್ಕ್ಯಾನ್ ಮೂಲಕ ಇನ್ನೊಂದನ್ನು ತೋರಿಸಿದರು: ಆಪ್ತರ ಜತೆ ಕೂಡಿ ನಕ್ಕಾಗ ಮಿದುಳಿನಲ್ಲಿ ಎಂಡಾರ್ಫಿನ್‌ನಂಥ ಸ್ವಂತ ಓಪಿಯಾಯ್ಡ್‌ಗಳು ಬಿಡುಗಡೆಯಾಗುತ್ತವೆ. ನೀಲಿ ಚಿಪ್ಪು ತಗುಲಿದಾಗ ಕೋಣೆಯಲ್ಲಿ ಏಳುವ ಕೂಗು, ನಗು, ‘ಅಯ್ಯೋ ಪಾಪ’ಗಳೆಲ್ಲ ಇದೇ ಬಗೆಯ ನಗು. ಒಬ್ಬರೇ ಕೂತು ಆಡುವಾಗ ಅದೇ ಚಿಪ್ಪು ತಗುಲಿದರೆ ಬರೀ ಕಿರಿಕಿರಿ.

ಅಮೆರಿಕದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಸಾರಾ ಕಾಯ್ನ್ ತಂಡ 2011ರಲ್ಲಿ 287 ಕುಟುಂಬಗಳನ್ನು ಅಧ್ಯಯನ ಮಾಡಿ, ಅಪ್ಪ ಅಮ್ಮನ ಜತೆ ತಮ್ಮ ವಯಸ್ಸಿಗೆ ತಕ್ಕ ವಿಡಿಯೊ ಗೇಮ್ ಆಡುವ ಹದಿಹರೆಯದ ಹುಡುಗಿಯರಲ್ಲಿ ಮನೆಯೊಂದಿಗಿನ ನಂಟು ಹೆಚ್ಚು ಗಟ್ಟಿಯಾಗಿರುವುದನ್ನು ಕಂಡಿತು. ಹುಡುಗರಲ್ಲಿ ಅದು ಕಾಣಲಿಲ್ಲ. ಆಟದಿಂದ ನಂಟು ಬಂತೋ, ನಂಟು ಇದ್ದದ್ದರಿಂದ ಒಟ್ಟಿಗೆ ಆಡಿದರೋ ಎಂಬುದನ್ನು ಇಂಥ ಅಧ್ಯಯನ ಹೇಳಲಾರದು.

ಒಂದು ಅಂತರವನ್ನು ಮಾತ್ರ ಯಾವ ಪೆಟ್ಟಿಗೆಯೂ ತುಂಬಿಕೊಡಲಾರದು. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವೆ ಸುಮಾರು 14,000 ಕಿಲೊಮೀಟರ್. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್. ಹೋಗಲು 70 ಮಿಲಿಸೆಕೆಂಡ್, ಬರಲು 70. ಕೇಬಲ್ ನೇರ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಇದನ್ನು ಮರೆಮಾಚಲು ಗೇಮುಗಳು ಊಹೆಯ ಮೊರೆಹೋಗುತ್ತವೆ. ಎದುರಾಳಿ ಕಳೆದ ಕ್ಷಣ ಏನು ಮಾಡುತ್ತಿದ್ದರೋ ಈಗಲೂ ಅದನ್ನೇ ಮಾಡುತ್ತಿದ್ದಾರೆಂದು ಹಿಡಿದು ಚಿತ್ರ ಬಿಡಿಸುತ್ತವೆ, ಸುದ್ದಿ ಬಂದ ಮೇಲೆ ತಪ್ಪಿದ್ದರೆ ಹಿಂದಕ್ಕೆ ಹೋಗಿ ತಿದ್ದುತ್ತವೆ. ಗಾಡಿಯ ಮಟ್ಟಿಗೆ ಇದು ನಡೆಯುತ್ತದೆ. ನಗುವಿನ ಮಟ್ಟಿಗೆ ನಡೆಯುವುದಿಲ್ಲ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ 2009ರ ಅಧ್ಯಯನವೊಂದರ ಪ್ರಕಾರ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೇ ಒಂದರಷ್ಟು. ಅದರ ಮೇಲೆ 140 ಮಿಲಿಸೆಕೆಂಡ್ ಸೇರಿತೆಂದರೆ ಅಲ್ಲಿನ ‘ಅಯ್ಯೋ’ ಇಲ್ಲಿ ಬರುವಷ್ಟರಲ್ಲಿ ಇಲ್ಲಿನವರು ನಕ್ಕು ಮುಗಿಸಿರುತ್ತಾರೆ.

ಹಾಗಾಗಿ ಕ್ಯಾಲಿಫೋರ್ನಿಯಾದ ಮೊಮ್ಮಗಳ ಜತೆ ಹಾಸನದ ತಾತ ಆಡಬೇಕಿದ್ದರೆ ರೇಸ್ ಬೇಡ ಎನ್ನುತ್ತೇನೆ. 2020ರ ಲಾಕ್‌ಡೌನಿನಲ್ಲಿ ಲೂಡೊ ಕಿಂಗ್ ಮನೆಮನೆ ಹೊಕ್ಕದ್ದಕ್ಕೆ ಇದೂ ಒಂದು ಕಾರಣ. ದಾಳ ಬೀಳುವುದು ಅರೆಕ್ಷಣ ತಡವಾದರೆ ಯಾರಿಗೂ ಏನೂ ಆಗುವುದಿಲ್ಲ. ಅದಕ್ಕಿಂತಲೂ ನನಗೆ ಇಷ್ಟವಾದದ್ದು ಕೆನಡಾದ ಸ್ಟೀಲ್ ಕ್ರೇಟ್ ಗೇಮ್ಸ್ 2015ರಲ್ಲಿ ತಂದ ‘ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್’. ಪರದೆಯ ಮೇಲೆ ಟಿಕ್‌ಟಿಕ್ ಎನ್ನುವ ಬಾಂಬ್. ಅದನ್ನು ನೋಡಬಹುದಾದವರು ಒಬ್ಬರೇ, ಆದರೆ ನಿಷ್ಕ್ರಿಯ ಮಾಡುವುದು ಹೇಗೆಂದು ಅವರಿಗೆ ಗೊತ್ತಿಲ್ಲ. ಗೊತ್ತುಪಡಿಸುವ ಕೈಪಿಡಿ ಉಳಿದವರ ಕೈಯಲ್ಲಿದೆ, ಅವರು ಪರದೆ ನೋಡುವಂತಿಲ್ಲ. ಕೈಪಿಡಿಯನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಕಂಟ್ರೋಲರನ್ನು ಜನ್ಮದಲ್ಲಿ ಮುಟ್ಟದ ತಾತ ಕನ್ನಡಕ ಹಾಕಿಕೊಂಡು ಕಾಗದ ಹಿಡಿದು, ಫೋನಿನ ಸ್ಪೀಕರ್ ಹಾಕಿ ಕೂತರೆ ಸಾಕು. ಇಂಗ್ಲಿಷ್ ಓದಲು ತೊಡಕಾದರೆ ಪಕ್ಕದಲ್ಲಿ ಯಾರಾದರೂ ಕೂತು ಓದಿ ಹೇಳಬಹುದು. ಮೊದಲ ಬಾಂಬಿಗೆ ಇರುವುದು 5 ನಿಮಿಷ.

“ತಾತ, ಮೂರು ವೈರ್ ಇದೆ.”

“ಕೆಂಪು ಇದೆಯಾ ಪುಟ್ಟಿ?”

“ಇಲ್ಲ.”

“ಹಾಗಾದ್ರೆ ಎರಡನೇದು ಕತ್ತರಿಸು.”

ಇಲ್ಲಿ ಮೊಮ್ಮಗಳ ಬೆರಳು ಎಷ್ಟೇ ಚುರುಕಾಗಿದ್ದರೂ ತಾತನಿಲ್ಲದೆ ಅವಳು ಒಂದು ತಂತಿಯನ್ನೂ ಧೈರ್ಯವಾಗಿ ಕತ್ತರಿಸಲಾರಳು. ಬಾಂಬಿನ ಇನ್ನೊಂದು ಭಾಗದಲ್ಲಿ ಹೆಸರೇ ಇಲ್ಲದ ವಿಚಿತ್ರ ಚಿಹ್ನೆಗಳ ನಾಲ್ಕು ಗುಂಡಿಗಳಿರುತ್ತವೆ. ತಾನು ನೋಡುತ್ತಿರುವುದನ್ನು ಅವಳು ಮಾತಿನಲ್ಲಿ ಬಿಡಿಸಿ ಹೇಳಬೇಕು, ಅವರು ಕಾಗದದ ಮೇಲೆ ಅದನ್ನು ಹುಡುಕಬೇಕು. ತಲೆಕೆಳಗಾದ ಪ್ರಶ್ನಾರ್ಥಕ ಎಂದರೆ ತಾತನಿಗೆ ತಕ್ಷಣ ಸಿಗುತ್ತದೆ. ನಕ್ಷತ್ರ ಇದೆ ಎಂದರೆ ಬಣ್ಣ ತುಂಬಿದ್ದೋ ಖಾಲಿಯದೋ ಎಂದು ಅವರು ಕೇಳಲೇಬೇಕು, ಏಕೆಂದರೆ ಕೈಪಿಡಿಯಲ್ಲಿ ಎರಡೂ ಇವೆ.